ಗಾಳಿಯ ಗಲ್ಲಿ

ಪ್ಯಾರಾಗ್ಲೈಡರ್ ಹಾರುವುದಿಲ್ಲ, ಬೀಳುತ್ತದೆ. ಸುತ್ತಲಿನ ಗಾಳಿಯೊಳಗೆ ಸೆಕೆಂಡಿಗೆ ಸುಮಾರು 1 ಮೀಟರಿನಂತೆ, ಸಾವಕಾಶವಾಗಿ ಇಳಿಯುತ್ತಲೇ ಇರುತ್ತದೆ. ಆ ಗಾಳಿಯೇ ಅದಕ್ಕಿಂತ ಜೋರಾಗಿ ಮೇಲೇಳುತ್ತಿದ್ದರೆ ಮಾತ್ರ ಕೂತವನೂ ಮೇಲೇರುತ್ತಾನೆ. ಅಮೆರಿಕದ ಸಾನ್ ಡಿಯಾಗೊದಲ್ಲಿರುವ ಟೋರಿ ಪೈನ್ಸ್ ಗ್ಲೈಡರ್‌ಪೋರ್ಟಿನಲ್ಲಿ ಈ ಉಪಕಾರ ಪೆಸಿಫಿಕ್ ಸಾಗರದ್ದು. ಹೊತ್ತೇರಿ ನೆಲ ಕಾದಂತೆ ತಣ್ಣನೆಯ ಕಡಲಗಾಳಿ ಒಳನಾಡಿನ ಕಡೆ ಹೊರಡುತ್ತದೆ. ಎದುರಿಗೆ 300 ಅಡಿಗೂ ಮಿಕ್ಕ ಮರಳುಗಲ್ಲಿನ ಕಡಿದಾದ ಗುಡ್ಡ. ಬೇರೆ ದಾರಿಯಿಲ್ಲದೆ ಗಾಳಿ ಅದನ್ನೇ ಹತ್ತುತ್ತದೆ. ಒಬ್ಬನೇ ಅಟ್ಲಾಂಟಿಕ್ ದಾಟಿ ಬಂದಿದ್ದ ಲಿಂಡ್‌ಬರ್ಗ್, 1930ರಲ್ಲಿ ಎಂಜಿನ್ನೇ ಇಲ್ಲದ ವಿಮಾನದಲ್ಲಿ ಇದೇ ಗಾಳಿಯನ್ನು ನಂಬಿ ಈ ಅಂಚಿನುದ್ದಕ್ಕೂ ತೇಲಿದ್ದ.

ತೊಂದರೆಯೆಂದರೆ, ಎತ್ತುವ ಗಾಳಿ ಇರುವುದು ಗುಡ್ಡದ ಮುಂದಿನ ಒಂದು ಸಪೂರ ಪಟ್ಟಿಯಲ್ಲಿ ಮಾತ್ರ. ಕಡಲ ಕಡೆ ತುಸು ದೂರ ಸರಿದರೆ ಗಾಳಿ ಕೈಬಿಡುತ್ತದೆ. ಅಂಚು ದಾಟಿ ಹಿಂದಕ್ಕೆ ಹೋದರೆ ಸುಳಿಗೆ ಸಿಕ್ಕಿ ನೆಲಕ್ಕೆ ಬಡಿಯುವ ಭಯ. ಇಷ್ಟು ದೊಡ್ಡ ಆಕಾಶ ಖಾಲಿ ಬಿದ್ದಿರುತ್ತದೆ, ಎಲ್ಲರೂ ಒಂದೇ ಗಲ್ಲಿಯಲ್ಲಿ ಹೋಗಿ ಬಂದು ಮಾಡುತ್ತಿರುತ್ತಾರೆ. ಹಾಗಾಗಿ ಅಲ್ಲಿ ಕಟ್ಟುನಿಟ್ಟಿನ ರಿವಾಜು: ಎದುರುಬದುರಾದಾಗ ಗುಡ್ಡ ಬಲಕ್ಕಿದ್ದವನಿಗೆ ದಾರಿ, ಅವನಿಗೆ ಸರಿಯಲು ಜಾಗವೆಲ್ಲಿದೆ? ಗುಡ್ಡ ಎಡಕ್ಕಿದ್ದವನು ಕಡಲಿನತ್ತ ಸರಿಯಬೇಕು. ತಿರುಗುವುದೇನಿದ್ದರೂ ಕಡಲಿಗೆ ಮುಖಮಾಡಿಯೇ. ಸಿಗ್ನಲ್ಲಿಲ್ಲ, ಪೊಲೀಸರಿಲ್ಲ, ಹಾರ್ನಂತೂ ಇಲ್ಲವೇ ಇಲ್ಲ. ನಿಯಮ ಓದದ ಪೆಲಿಕನ್‌ಗಳೂ ಅದೇ ಗಾಳಿ ಹಿಡಿದು ರೆಕ್ಕೆ ಬಡಿಯದೆ ಸಾಲಾಗಿ ಸಾಗುತ್ತವೆ. ಹಕ್ಕಿಯಂತೆ ಸ್ವಚ್ಛಂದ ಎಂದು ಬರೆದ ಕವಿಗಳು ಒಮ್ಮೆ ಇಲ್ಲಿ ಬಂದು ಕೂರಬೇಕು.

ಪಕ್ಕದಲ್ಲೇ ಸಾಲ್ಕ್ ಸಂಶೋಧನಾ ಸಂಸ್ಥೆ. ಕಟ್ಟಿದವನು ಲೂಯಿ ಕಾನ್, ನಮ್ಮ ಅಹಮದಾಬಾದಿನ ಐಐಎಂ ಕಟ್ಟಡದವನೇ. ಬೂದು ಕಾಂಕ್ರೀಟಿನ ಆ ಗಾಂಭೀರ್ಯದ ಮಗ್ಗುಲಲ್ಲಿ ಬಣ್ಣದ ಬಟ್ಟೆ ಹರವಿಕೊಂಡು ಹಾರುವ ಜನ ಗಾಳಿಗಾಗಿ ಕಾಯುತ್ತಾ ಸ್ಯಾಂಡ್‌ವಿಚ್ ತಿನ್ನುತ್ತಿರುತ್ತಾರೆ. ಮೇಲೆ ನಿಲ್ಲಲಾಗದೆ ಇಳಿದುಹೋದವರು ಕೆಳಗಿನ ಬ್ಲ್ಯಾಕ್ಸ್ ಬೀಚಿನಿಂದ ಗಂಟು ಹೊತ್ತು ಗುಡ್ಡ ಹತ್ತಬೇಕು. ಬಟ್ಟೆಯ ಹಂಗಿಲ್ಲದೆ ಬಿಸಿಲು ಕಾಯಿಸುವವರ ಬೀಚು ಅದು. ನಮ್ಮಿಬ್ಬರನ್ನು ಇಲ್ಲಿಗೆ ಕರೆತಂದ ಮಗಳು ಈ ವಿಷಯವನ್ನು ಮೊದಲೇ ತಿಳಿಸಿರಲಿಲ್ಲ.

ಪೈಲಟ್ ಜೊತೆ ಇಬ್ಬರು ಕೂರುವ ಗ್ಲೈಡರಿನಲ್ಲಿ ನಮ್ಮ ಮನೆಯಾಕೆ ಹೊರಟೇಬಿಟ್ಟಳು. ಅವಳ ವ್ಯಾನಿಟಿ ಬ್ಯಾಗು ಹಿಡಿದು ನಾನು ಬೇಲಿಯ ಈಚೆ ನಿಂತೆ. ನಾಲ್ಕು ಹೆಜ್ಜೆ ಓಡಿದ್ದಷ್ಟೇ, ನೆಲವೇ ಅವಳನ್ನು ಬಿಟ್ಟುಕೊಟ್ಟಿತು. ಇಳಿದು ಬಂದವಳ ಮುಖ ಕೆಂಪಾಗಿತ್ತು.

"ಮೇಲೆ ಪ್ರಶಾಂತವಾಗಿತ್ತಾ?"

"ಎಲ್ಲಿಯ ಪ್ರಶಾಂತ ರೀ! ಆ ಹುಡುಗ ಎಡಕ್ಕೆ ನೋಡ್ತಾನೆ, ಬಲಕ್ಕೆ ನೋಡ್ತಾನೆ, ಎದುರು ಬಂದವರಿಗೆ ದಾರಿ ಬಿಡ್ತಾನೆ. ಥೇಟ್ ಶನಿವಾರ ಸಂಜೆಯ ಗಾಂಧಿ ಬಜಾರು."

"ಮತ್ತೆ ಬೀಚು?"

"ಅದನ್ನ ನೀವೇ ಹೋಗಿ ನೋಡಿ," ಎಂದು ಇನ್ನೊಂದು ಫಾರಂ ಕೈಗಿತ್ತಳು. ಏನಾದರೂ ಆದರೆ ಯಾರನ್ನೂ ದೂರುವುದಿಲ್ಲ ಎಂದು ಬರೆದುಕೊಡುವ ಕಾಗದ. ಕನ್ನಡಕ ಹುಡುಕಿ, ಒಂದೊಂದು ಸಾಲನ್ನೂ ಶ್ರದ್ಧೆಯಿಂದ ಓದಿದೆ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಗಾಳಿ ಬಿದ್ದು, ಕಂಬದ ಗಾಳಿಚೀಲ ಜೋತಿತ್ತು. ಇವತ್ತಿಗೆ ಇಷ್ಟೇ ಎಂದರು. ನಾನು ಬಹಳ ಬೇಸರ ಪಟ್ಟುಕೊಂಡವನಂತೆ ಕಾಣಿಸಿಕೊಂಡೆ.