ಏರಿ ಕಟ್ಟಿದವರು

ಜಾರ್ಜಿಯಾದ ಡೇರಿಯನ್ ದಾಟಿ ಹೆದ್ದಾರಿ 17ರಲ್ಲಿ ದಕ್ಷಿಣಕ್ಕೆ ಹೊರಟರೆ ಬಟ್ಲರ್ ದ್ವೀಪದಲ್ಲಿ ರಸ್ತೆ ಪಕ್ಕದಲ್ಲೇ 75 ಅಡಿಯ ಇಟ್ಟಿಗೆ ಚಿಮಣಿ ಕಾಣುತ್ತದೆ. 1850ರ ದಶಕದ ಅಕ್ಕಿ ಗಿರಣಿಯದು. ಸವಾನಾದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೆಳೆಯರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದೆವು. ಅಲ್ಲಿದ್ದ ಹಳೆಯ ಸರ್ಕಾರಿ ಫಲಕ, ದ್ವೀಪದ ಏರಿ-ಕಾಲುವೆಗಳು ಹಾಲೆಂಡಿನ ಇಂಜಿನಿಯರುಗಳ ಕೆಲಸ ಎನ್ನುತ್ತಿತ್ತು.

ಬಹಳ ವರ್ಷಗಳ ಮೇಲೆ ಮಂಡ್ಯ ಕಡೆಯಿಂದ ಬಂದಿದ್ದ ಚಿಕ್ಕಪ್ಪನನ್ನು ಕರೆದೊಯ್ದೆ. ಭತ್ತ ಬೆಳೆಯುವವರು. ಚಿಮಣಿಯನ್ನು ಒಮ್ಮೆ ನೋಡಿ ನೇರ ಏರಿ ಹತ್ತಿದರು. “ಇಷ್ಟು ಮಣ್ಣು ಹೊತ್ತೋರು ಯಾರಪ್ಪಾ?”

ಹೊತ್ತವರು ಆಫ್ರಿಕಾದಿಂದ ತಂದ ಗುಲಾಮರು, ಅವರ ಮಕ್ಕಳು, ಮೊಮ್ಮಕ್ಕಳು. ಕಾಡು ಬೆಳೆದ ಜೌಗು ನೆಲ ಕಡಿದು ಗದ್ದೆ ಮಾಡಿದವರು ಅವರೇ. ಕಡಲು ಉಕ್ಕಿದಾಗ ಆಲ್ಟಮಹಾ ನದಿಯ ಸಿಹಿನೀರು ಹಿಂದಕ್ಕೆ ಒತ್ತಿ ಏರುತ್ತದೆ. ಏರಿಯೊಳಗೆ ಹೂತ ತೂಬೆಂದರೆ ಉದ್ದನೆಯ ಮರದ ಪೆಟ್ಟಿಗೆ, ಎರಡೂ ತುದಿಗೆ ತೂಗುವ ಬಾಗಿಲು. ಉಬ್ಬರದಲ್ಲಿ ಹೊರಬಾಗಿಲು ಎತ್ತಿದರೆ ನುಗ್ಗುವ ನೀರೇ ಒಳಬಾಗಿಲನ್ನು ತಳ್ಳಿಕೊಂಡು ಗದ್ದೆಗೆ ಹರಿಯುತ್ತದೆ. ಇಳಿತದಲ್ಲಿ ಗದ್ದೆಯ ನೀರೇ ಅದನ್ನು ಒತ್ತಿ ಮುಚ್ಚುತ್ತದೆ. ಚಿಕ್ಕಪ್ಪನಿಗೆ ಎರಡು ಮಾತಲ್ಲಿ ಅರ್ಥವಾಯಿತು.

ಗಿರಣಿ ಬಂದದ್ದು ಆಮೇಲೆ. 1787ರಲ್ಲಿ ಜೊನಾಥನ್ ಲೂಕಸ್ ದಕ್ಷಿಣ ಕೆರೊಲಿನಾದ ಸ್ಯಾಂಟೀ ನದಿ ಬಳಿ ನೀರಿನ ಬಲದ ಗಿರಣಿ ಹೂಡುವ ತನಕ ಹಗಲೆಲ್ಲ ಗದ್ದೆಯಲ್ಲಿ ದುಡಿದವರೇ ಒರಳಲ್ಲಿ ಭತ್ತ ಕುಟ್ಟಬೇಕಿತ್ತು. ಯಂತ್ರ ಒನಕೆಯ ಕೆಲಸ ತಪ್ಪಿಸಿತು, ಗುಲಾಮಗಿರಿ ತಪ್ಪಿಸಲಿಲ್ಲ.

1859ರ ಮಾರ್ಚ್ 2 ಮತ್ತು 3ರಂದು ಒಡೆಯ ಪಿಯರ್ಸ್ ಬಟ್ಲರನ ಸಾಲ ತೀರಿಸಲು ಈ ದ್ವೀಪದ ಮತ್ತು ಅವನ ಹತ್ತಿ ತೋಟದ 436 ಜನರನ್ನು ಸವಾನಾದ ಕುದುರೆ ಜೂಜಿನ ಮೈದಾನದಲ್ಲಿ ಹರಾಜಿಗೆ ಹಚ್ಚಿದರು. ಅಚ್ಚಾದ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರು, ವಯಸ್ಸು. ಎದುರಿಗೆ ‘ಭತ್ತ’ ಎಂದೋ ‘ಹತ್ತಿ’ ಎಂದೋ ಷರಾ. ಸವಾನಾದಲ್ಲಿ ಆ ಹರಾಜನ್ನು ನೆನೆಯುವ ಫಲಕ ನೆಟ್ಟಿದ್ದು 2008ರಲ್ಲಿ.

ಗುಲಾಮಗಿರಿ ಮುಗಿದ ಮೇಲೆ ಇಲ್ಲಿಯ ಭತ್ತದ ಬೇಸಾಯವೂ ಕುಸಿಯುತ್ತ ಬಂತು. ಈಗ ದ್ವೀಪ ರಾಜ್ಯದ ವನ್ಯಜೀವಿ ಇಲಾಖೆಯದು. ಹಳೆಯ ಗದ್ದೆಗಳಲ್ಲಿ ಬಾತುಕೋಳಿಗಳಿಗೆಂದು ನೀರು ಕಟ್ಟುತ್ತಾರೆ. ಚಿಮಣಿ ಆರಿ ಕಾಲವಾಯಿತು, ಏರಿ ಇನ್ನೂ ನೀರು ಹಿಡಿದಿದೆ. ಇಂಜಿನಿಯರುಗಳಿಗೆ ಸಂದ ಹೆಸರು ಮಣ್ಣು ಹೊತ್ತವರಿಗೂ ಸಲ್ಲಬೇಕು. ಚಿಮಣಿಯ ಪಕ್ಕ ಕೆತ್ತಿಸಲು ಯಾರೂ ಹುಡುಕಾಡಬೇಕಿಲ್ಲ, ಹರಾಜಿನ ಪಟ್ಟಿಯಲ್ಲಿ ಹೆಸರುಗಳಿವೆ.