ಆಬಿಂಗ್ಡನ್ನಿನ ಒಂದು ಬೋಲ್ಟು

ಆಕ್ಸ್‌ಫರ್ಡಿನ ದಕ್ಷಿಣಕ್ಕೆ, ಥೇಮ್ಸ್ ನದಿಯ ದಡದಲ್ಲಿ ಆಬಿಂಗ್ಡನ್ ಎಂಬ ಹಳೆಯ ಊರಿದೆ. 1929ರಿಂದ 1980ರವರೆಗೆ ಎಂ.ಜಿ. ಸ್ಪೋರ್ಟ್ಸ್ ಕಾರುಗಳು ಸಿದ್ಧವಾಗುತ್ತಿದ್ದುದು ಇಲ್ಲಿಯೇ. ನನಗೆ ಆತಿಥ್ಯವಿತ್ತ ವೃದ್ಧರು ಆ ಕಾರ್ಖಾನೆಯಲ್ಲಿ ದುಡಿದವರು. ತಮ್ಮ 1965ರ ಎಂ.ಜಿ.ಬಿ. ಕಾರಿನಲ್ಲಿ ಊರು ತೋರಿಸುವುದಾಗಿ ಮಾತು ಕೊಟ್ಟಿದ್ದರು. ಕೀಲಿ ತಿರುಗಿಸಿದರೆ ‘ಟಕ್’ ಎಂಬ ಸದ್ದು ಮಾತ್ರ! ಮುಪ್ಪಾದ ಸ್ಟಾರ್ಟರ್ ಮೋಟಾರು ಕೈಬಿಟ್ಟಿತ್ತು. ಬದಲಿ ಮೋಟಾರೇನೋ ಮನೆಯಲ್ಲಿದ್ದಿತು, ಕೂಡಿಸುವುದೇ ಕಷ್ಟ.

ಆಸನಗಳ ಹಿಂದೆ ಅಡಗಿದ್ದ, ಆರಾರು ವೋಲ್ಟಿನ ಎರಡು ಬ್ಯಾಟರಿಗಳ ತಂತಿ ಬಿಚ್ಚಿದ್ದಾಯಿತು. ಮೋಟಾರನ್ನು ಹಿಡಿದಿರುವುದು ಎರಡೇ ಬೋಲ್ಟು. ಕೆಳಗಿನದು ಕಾರಿನಡಿ ಮಲಗಿದರೆ ಸಿಕ್ಕೀತು. ಮೇಲಿನದೋ, ಎಂಜಿನ್ನಿನ ಬಲ ಪಾರ್ಶ್ವದ ಇಕ್ಕಟ್ಟಿನಲ್ಲಿ. ಡಿಸ್ಟ್ರಿಬ್ಯೂಟರನ್ನು ಕಳಚಿಟ್ಟರೂ ಕಣ್ಣಿಗೆ ಬೀಳದು, ಬೆರಳಿಗಷ್ಟೇ ತಿಳಿಯುತ್ತದೆ. ಆ ಹಿರಿಯರ ಬೆರಳುಗಳಾದರೋ ಸಂಧಿವಾತದಿಂದ ಸೊಟ್ಟಗಾಗಿದ್ದವು. ಮೂರು ಬಾರಿ ಸ್ಪ್ಯಾನರು ಜಾರಿತು. ಅವರು ಮಾತಿಲ್ಲದೆ ಅದನ್ನು ಕೆಳಗಿಟ್ಟರು.

ಕಾಲೇಜಿನಲ್ಲಿ ಓದುವ ಮೊಮ್ಮಗಳು ತೋಳು ಮಡಿಚಿ ಬಂದು ಕೈ ತೂರಿಸಿದಳು. ತಾತ ಕಣ್ಣು ಮುಚ್ಚಿಕೊಂಡು, “ಇನ್ನೂ ಒಳಕ್ಕೆ... ಈಗ ಕಾಲು ಸುತ್ತು” ಎನ್ನುತ್ತ ದಾರಿ ಹೇಳಿದರು. ಸಂಜೆಯ ಹೊತ್ತಿಗೆ ಎಂಜಿನ್ ಗುಡುಗಿತು. ಮುದುಕರು ಕೀಲಿಯನ್ನು ಅವಳಿಗೇ ಒಪ್ಪಿಸಿ ಪಕ್ಕದಲ್ಲಿ ಕುಳಿತರು. ಅಲ್ಲಿಗೆ ನನ್ನ ಸವಾರಿ ಮುಗಿಯಿತೆನ್ನಿ. ಆ ಕಾರಿಗೆ ಇರುವುದು ಎರಡೇ ಆಸನ!