ದನಿ ಅಡಗಿದವರ ನುಡಿ

ರೋಗಗಳಲ್ಲಿ ಅರಿವನ್ನೇ ಮುಸುಕುವಂಥವು ಕೆಲವು. ಅರಿವನ್ನು ಉಳಿಸಿ ಅಂಗವನ್ನು ಕಸಿಯುವಂಥವು ಕೆಲವು. ಮೋಟಾರ್ ನ್ಯೂರಾನ್ ವ್ಯಾಧಿಯು ಬಹುಮಟ್ಟಿಗೆ ಎರಡನೆಯ ಬಗೆಯದು. ಸ್ನಾಯುಗಳನ್ನು ಆಡಿಸುವ ನರಕೋಶಗಳು ಕ್ಷಯಿಸುತ್ತ ಬಂದು ಕೈ ಸೋಲುತ್ತದೆ, ಕಾಲು ಸೋಲುತ್ತದೆ, ನಾಲಿಗೆಯೂ ಸೋಲುತ್ತದೆ. ಕೆಲವರಿಗೆ ನಾಲಿಗೆಯೇ ಮೊದಲು. ಕೇಳುವ ಕಿವಿ, ನೋಡುವ ಕಣ್ಣುಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಆದರೂ ಮಾತು ಹೋದವರಿಗೆ ಬುದ್ಧಿಯೂ ಹೋಯಿತೆಂಬಂತೆ, ಅವರ ಎದುರಿನಲ್ಲಿಯೇ ಅವರ ವಿಷಯವನ್ನು ಆಡಿಕೊಳ್ಳುವ ಮನೆಗಳನ್ನು ನಾವು ಕಂಡಿದ್ದೇವೆ.

ಇಂಗ್ಲೆಂಡಿನ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರಿಗೆ ಈ ವ್ಯಾಧಿ ಪತ್ತೆಯಾದುದು 1963ರಲ್ಲಿ, 21ನೆಯ ವಯಸ್ಸಿನಲ್ಲಿ. 1985ರಲ್ಲಿ ನ್ಯುಮೋನಿಯಾ ತಗುಲಿ, ಪ್ರಾಣ ಉಳಿಸಲು ಶ್ವಾಸನಾಳಕ್ಕೆ ರಂಧ್ರ ಮಾಡಬೇಕಾಗಿ ಬಂದು, ಅಳಿದುಳಿದ ದನಿಯೂ ಹೋಯಿತು. ಕೆಲಕಾಲ ಅಕ್ಷರಗಳ ಹಲಗೆಯೇ ಗತಿ: ಬೇರೊಬ್ಬರು ಅಕ್ಷರ ತೋರಿಸುತ್ತ ಹೋಗುವುದು, ಬೇಕಾದುದು ಬಂದಾಗ ಇವರು ಹುಬ್ಬೇರಿಸುವುದು. ಆಗ ಅಮೆರಿಕದ ವಾಲ್ಟ್ ವೋಲ್ಟೋಸ್ ಎಂಬುವರು ಗಣಕಯಂತ್ರದ ಒಂದು ಸಾಧನವನ್ನು ಕಳುಹಿಸಿದರು. ಇದೇ ವ್ಯಾಧಿಗೆ ತುತ್ತಾಗಿದ್ದ ತಮ್ಮ ಅತ್ತೆಯವರಿಗಾಗಿ ಅಂಥದನ್ನು ಮೊದಲು ರೂಪಿಸಿದ್ದರಂತೆ. (ಅತ್ತೆಗೆ ಮಾತು ಬರಿಸಲು ದುಡಿದ ಅಳಿಯನೆಂದರೆ ನಮ್ಮಲ್ಲಿ ನಗುವವರೂ ಉಂಟು!) ತೆರೆಯ ಮೇಲೆ ಸರಿಯುವ ಪದಗಳಲ್ಲಿ ಬೇಕಾದುದನ್ನು ಗುಂಡಿ ಒತ್ತಿ ಆರಿಸಿದರೆ ಯಂತ್ರವು ವಾಕ್ಯವನ್ನು ಉಚ್ಚರಿಸುತ್ತಿತ್ತು. ಮೊದಲು ನಿಮಿಷಕ್ಕೆ ಸುಮಾರು 15 ಪದ. ಬೆರಳೂ ಸೋತು ಕೆನ್ನೆಯ ಸ್ನಾಯುವಿನ ಮಿಡಿತದಿಂದಲೇ ಆರಿಸಬೇಕಾದ ಮೇಲೆ ಒಂದೆರಡು. ಮುಂದೆ ಇನ್ನೂ ಇಂಪಾದ ಯಂತ್ರದನಿಗಳು ದೊರೆತರೂ, 2018ರಲ್ಲಿ ತೀರಿಕೊಳ್ಳುವವರೆಗೆ ಅವರು ಹಳೆಯದನ್ನು ಬಿಡಲಿಲ್ಲ. ಅದು ತಮ್ಮ ಗುರುತಾಗಿಬಿಟ್ಟಿತ್ತು. ನಮಗೆ ಇದು ಸಹಜವೆನಿಸುತ್ತದೆ. ವಚನವೆಂದರೆ ಮಾತು, ಆಡಿದವರದೇ ಮಾತು. ಆದುದರಿಂದಲ್ಲವೆ ನಮ್ಮ ಶರಣರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಂಕಿತ?

ಪರಿಚಿತ ಸದ್ಭಕ್ತರ ಮನೆಯೊಂದರಲ್ಲಿ ಹಿರಿಯ ಯಜಮಾನರಿಗೆ ಈ ವ್ಯಾಧಿಯಿಂದ ಮಾತು ನಿಂತು ತಿಂಗಳುಗಳಾಗಿದ್ದವು. ಅವರು ಕಣ್ಣರಳಿಸಿದಾಗಲೆಲ್ಲ ಮಗ "ನೀರು ಬೇಕೇನ್ರಿ ಅಪ್ಪಾ?" ಎನ್ನುವರು, ಮಡದಿ "ಪೂಜಿ ಹೊತ್ತಾತು ಅಂತಾರ" ಎನ್ನುವರು. ಕೊನೆಗೆ ಸೊಸೆ ರಟ್ಟಿನ ಮೇಲೆ ವರ್ಣಮಾಲೆ ಬರೆದು ಮುಂದೆ ಕುಳಿತರು. ಅರ್ಧ ತಾಸಿನಲ್ಲಿ ಮೂಡಿದ್ದು ಎರಡೇ ಪದ: ಬಡಿಗೇರಗ ಬಾಕಿ. ಬಾಗಿಲು ಮಾಡಿಕೊಟ್ಟ ಬಡಗಿಗೆ ಸಲ್ಲಬೇಕಿದ್ದ ಕೂಲಿ ಅದು. ಮನೆಯಲ್ಲಿ ಬೇರೆ ಯಾರಿಗೂ ತಿಳಿದಿರಲಿಲ್ಲ. ಪರರ ಕಾಯಕದ ಬೆಲೆಯನ್ನು ಆ ಜೀವವು ಎಷ್ಟು ದಿನ ಒಳಗೇ ಹೊತ್ತಿತ್ತೋ! ಬಡಗಿಗೆ ಅಂದೇ ಹಣ ಮುಟ್ಟಿತು.

ಕಣ್ಣಿನ ಚಲನೆಯನ್ನು ಗುರುತಿಸಿ ಅಕ್ಷರ ಮೂಡಿಸುವ ಯಂತ್ರಗಳು ಇಂದು ಇವೆ. ಅವು ಎಲ್ಲರ ಕೈಗೆಟುಕಲಾರವು. ಆದರೆ ರಟ್ಟಿನ ಹಲಗೆಗೆ ನಮ್ಮ ವರ್ಣಮಾಲೆಯಷ್ಟು ಒಗ್ಗುವುದು ಇನ್ನೊಂದಿಲ್ಲ. ಮೊದಲ ಸಾಲು ಸ್ವರ, ಆಮೇಲೆ ಐದು ವರ್ಗಗಳು, ಒಂದೊಂದರಲ್ಲಿ ಐದು ಅಕ್ಷರ, ಕೊನೆಗೆ ಅವರ್ಗೀಯ. ಓದುವವರು ಮೊದಲು ಸಾಲನ್ನು ಕೇಳಬೇಕು: ಕ ವರ್ಗವೆ? ಚ ವರ್ಗವೆ? ಒಪ್ಪಿಗೆ ದೊರೆತ ಸಾಲಿನಲ್ಲಿ ಅಕ್ಷರ, ಅದು ವ್ಯಂಜನವಾದರೆ ಬಳಿಕ ಕಾಗುಣಿತದ ಸ್ವರ. 'ನೀರು' ಎನ್ನಲು ತ ವರ್ಗದ ಐದನೆಯದು, ಅದಕ್ಕೆ ಈ. ಅವರ್ಗೀಯದ ಎರಡನೆಯದು, ಅದಕ್ಕೆ ಉ. ಪದ ಅರ್ಧವಾಗುತ್ತಲೇ ಊಹಿಸಿ ಮುಗಿಸುವ ಆತುರ ಬೇಡ. ಊಹಿಸಿದರೂ ಒಪ್ಪಿಗೆ ಕೇಳಿರಿ. ದನಿ ಇನ್ನೂ ಇರುವಾಗಲೇ ಅಭ್ಯಾಸ ಆರಂಭವಾಗಬೇಕು. ಸಲಹೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯುಂಟು. ರೆಪ್ಪೆ ತಾನಾಗಿಯೂ ಬಡಿಯುವುದರಿಂದ, ಕಣ್ಣು ಮೇಲೆತ್ತಿದರೆ ಹೌದು, ಮುಚ್ಚಿ ಹಿಡಿದರೆ ಅಲ್ಲ ಎಂದು ಗೊತ್ತುಮಾಡಿಕೊಂಡು ಹಲಗೆಯ ಮೂಲೆಯಲ್ಲಿ ಬರೆದಿಡಿರಿ. ನೋಡಲು ಬಂದ ಬೀಗರಿಗೂ ತಿಳಿಯಲಿ.